ಓಪಿಡಿ ಸಾಲಿನಿಂದ ಶುರು ಮಾಡಿ

ಮುಂಬೈಯಲ್ಲಿ ಹೆಣ್ಣುಮಕ್ಕಳು ಮತ್ತು ಸರ್ಕಾರಿ ಆಸ್ಪತ್ರೆಗಳ ಬಗ್ಗೆ ಸಂಶೋಧನೆಗೆ ಇಳಿಯುತ್ತಿದ್ದೀರಾ? ಹಾಗಾದರೆ "ಅವರು ಯಾಕೆ ಆಸ್ಪತ್ರೆಗೆ ಬರಲ್ಲ" ಅನ್ನುವ ಪ್ರಶ್ನೆಯನ್ನು ಮೊದಲು ಬಿಟ್ಟುಬಿಡಿ. ಓಪಿಡಿ, ಅಂದರೆ ಹೊರರೋಗಿಗಳನ್ನು ನೋಡುವ ವಿಭಾಗ, ತೆರೆದಿರುವ ಹೊತ್ತಿನಲ್ಲಿ ಅವರು ಎಲ್ಲಿರುತ್ತಾರೆ ಅಂತ ಕೇಳಿ.

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ 2019-21ರ ವರದಿ ಓದಿಕೊಳ್ಳಿ. ಅದನ್ನು ನಡೆಸುವ ಸಂಸ್ಥೆ ಇಲ್ಲೇ ಮುಂಬೈಯ ದೇವನಾರ್‌ನಲ್ಲಿದೆ. ಇಡೀ ದೇಶದಲ್ಲಿ ಮದುವೆಯಾದ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಶೇ 37.9 ಮಂದಿ ಸಂತಾನಹರಣ ಆಪರೇಷನ್ ಮಾಡಿಸಿಕೊಂಡಿದ್ದಾರೆ, ಗಂಡ ಮಾಡಿಸಿಕೊಂಡಿರುವುದು ಬರೀ ಶೇ 0.3. ಗಂಡಸರ ಆಪರೇಷನ್ನೇ ಸುಲಭದ್ದು, ಹೊಟ್ಟೆ ಕೊಯ್ಯಬೇಕಿಲ್ಲ, ಆದರೂ ಹೀಗೆ! ಈ ಅಂಕಿ ಹೆಂಗಸರ ಬಗ್ಗೆ ಹೇಳುವುದಕ್ಕಿಂತ ಜಾಸ್ತಿ ವ್ಯವಸ್ಥೆ ಬಗ್ಗೆ ಹೇಳುತ್ತದೆ, ಅಲ್ವಾ?

ನಿಮ್ಮ ಕಾಲೇಜಿನ ನೈತಿಕ ಸಮಿತಿ, ಆಸ್ಪತ್ರೆ ಆಡಳಿತ, ಎರಡರ ಒಪ್ಪಿಗೆಯೂ ಬೇಕು. ಸಿಕ್ಕ ಮೇಲೆ ಮೂರು ದಿನ ಬೆಳಿಗ್ಗೆ ಹೆಸರು ಬರೆಸಿ ಚೀಟಿ ಪಡೆಯುವ ಕೇಸ್ ಪೇಪರ್ ಕಿಟಕಿ ಹತ್ತಿರ ಸುಮ್ನೆ ಕೂತುಕೊಳ್ಳಿ. ಯಾರು ಒಬ್ಬರೇ ಬಂದರು, ಯಾರ ಕಂಕುಳಲ್ಲಿ ಮಗು ಇದೆ, ಯಾರು ನಂಬರ್ ಬರುವ ಮೊದಲೇ ಎದ್ದು ಹೋದರು ಅಂತ ನೋಡಿ. ಹೀಗೆ ಎದ್ದು ಹೋದವರೇ ನಿಮ್ಮ ಅಧ್ಯಯನಕ್ಕೆ ಮುಖ್ಯ. ಯಾದಗಿರಿ ಕಡೆಯ ಒಬ್ಬಾಕೆ ಕೇಸ್ ಪೇಪರನ್ನು ಪ್ಲಾಸ್ಟಿಕ್ ಕವರಿನಲ್ಲಿ ಆಧಾರ್ ಜೊತೆ ಮಡಚಿಟ್ಟುಕೊಂಡು ಹೊರಟಿದ್ದರು. ಯಾಕಮ್ಮಾ ಅಂದೆ. "ಇನ್ನೂ ನಿಂತ್ರ ಮನಿ ಕೆಲ್ಸ ಹೋಗ್ತದ್ರೀ ಅಕ್ಕಾ" ಅಂದರು. ರಜೆ ಹಾಕಿದರೆ ಪಗಾರ ಕಟ್. ಆಸ್ಪತ್ರೆಯ ಲೆಕ್ಕದಲ್ಲಿ ಆಕೆ "ಬಂದ ರೋಗಿ", ಡಾಕ್ಟರನ್ನು ಮಾತ್ರ ನೋಡಲೇ ಇಲ್ಲ.

ಪ್ರಶ್ನಾವಳಿಯಲ್ಲಿ ಶ್ವೇತಪ್ರದರ ಅಂತ ಬರೆಯಬೇಡಿ, ಬಿಳಿ ಹೋಗುವುದು ಅಂತಲೇ ಕೇಳಿ. ಮನೆಯಲ್ಲಿ ಅತ್ತೆ ಎದುರು ಕೇಳಬೇಡಿ. ಕೆಲಸ ಮುಗಿಸಿ ಬರುವ ಮಧ್ಯಾಹ್ನದ ಹೊತ್ತು ಒಳ್ಳೆಯದು, ಆದರೆ ಊಟಕ್ಕೆ ಮೊದಲು ಹಿಡಿದು ಕೂರಿಸಬೇಡಿ.

ಮನೆಮನೆಗೆ ಹೋಗುವ ಆರೋಗ್ಯ ಕಾರ್ಯಕರ್ತೆಯರನ್ನೂ ಬಿಡಬೇಡಿ. ಆಶಾ ಯೋಜನೆ 2005ರಲ್ಲೇ ಬಂತು, ಅವರಿಗೆ ಸಿಗುವುದು ಇವತ್ತಿಗೂ ಗೌರವಧನ, ಪ್ರೋತ್ಸಾಹಧನ, ಸಂಬಳ ಅಲ್ಲ. ವ್ಯವಸ್ಥೆ ನಿಂತಿರುವುದೇ ಹೆಂಗಸರ ಅಗ್ಗದ ದುಡಿಮೆ ಮೇಲೆ. ಅವರ ಬೆನ್ನುನೋವು, ಅವರ ರಕ್ತಹೀನತೆ ಯಾರು ಬರೆದುಕೊಳ್ಳುತ್ತಾರೆ?

ಮಾತಿನ ನಡುವೆ ಗಂಡನ ಹೊಡೆತದ ವಿಷಯ ಬಂದೇ ಬರುತ್ತದೆ. ತಕ್ಷಣ ರೆಕಾರ್ಡರ್ ಆಫ್ ಮಾಡಿ. ಬಾಂದ್ರಾದ ಭಾಭಾ ಆಸ್ಪತ್ರೆಯಲ್ಲಿ ಶುರುವಾದ ದಿಲಾಸಾ ಕೇಂದ್ರದಂಥ, ಹೊಡೆತ ತಿಂದ ಹೆಂಗಸರಿಗೆ ನೆರವಾಗುವ ಜಾಗಗಳ ವಿವರ ಮೊದಲೇ ತಿಳಿದುಕೊಂಡು ಹೋಗಿ. ಚೀಟಿಯಲ್ಲಿ ಬರೆದುಕೊಡಬೇಡಿ, ಮನೆಯಲ್ಲಿ ಯಾರ ಕೈಗೆ ಸಿಗುತ್ತದೋ. ಬಾಯಲ್ಲೇ ಹೇಳಿ, ಎರಡು ಸಲ ಹೇಳಿ.