ಹೂವಿಗೆ ಮುಂಚಿನ ಗಾಳಿ: ರೊಬಸ್ಟ ತೋಟದಲ್ಲಿ ಒಂದು ವಾರ

ಶಿವರಾತ್ರಿ ಕಳೆದು ಯುಗಾದಿ ಇನ್ನೂ ದೂರವಿದ್ದ ಮಾರ್ಚ್ ಮೊದಲ ವಾರದ ಸೋಮವಾರ ಬೆಳಿಗ್ಗೆ, ದಿಬ್ಬದ ತಾಕಿನಲ್ಲಿ ರೊಬಸ್ಟ ಕಾಫಿ ಗಿಡದ ರೆಂಬೆಯೊಂದನ್ನು ಬಗ್ಗಿಸಿ ನೋಡಿದಾಗ ಗೆಣ್ಣುಗೆಣ್ಣಿಗೂ ಮೊಗ್ಗುಗಳು ಭತ್ತದ ಕಾಳಿನಷ್ಟು ಉದ್ದ ಬೆಳೆದು ನೀರಿಗಾಗಿ ಕಾಯುತ್ತಿದ್ದವು. ಬಿಸಿಲೇರುವ ಮೊದಲೇ ಎಲೆಗಳು ಜೋಲುಬಿದ್ದಿದ್ದವು. ಹೀಗೆ ಚೆನ್ನಾಗಿ ಬಾಡಿದ ಗಿಡಕ್ಕೆ ಒಂದೂವರೆ ಇಂಚು ನೀರು ಒಂದೇ ಸಲಕ್ಕೆ ಸಿಕ್ಕಿದರೆ ಏಳೆಂಟು ದಿನಗಳಲ್ಲಿ ತಾಕೆಲ್ಲ ಒಟ್ಟಿಗೆ ಬೆಳ್ಳಗಾಗುತ್ತದೆ. ಸಕಲೇಶಪುರ ಸೀಮೆಯಲ್ಲಿರುವ ನಮ್ಮ ಆರು ಎಕರೆಗೆ ಆ ನೀರನ್ನು ಸ್ಪ್ರಿಂಕ್ಲರ್ ಮೂಲಕ ಮೂರು ರಾತ್ರಿಗಳಲ್ಲಿ ಕೊಟ್ಟು ಮುಗಿಸುವುದೆಂದು ನಾನು ಲೆಕ್ಕ ಹಾಕಿಕೊಂಡಿದ್ದೆ. ಕೆರೆಯಲ್ಲಿ ಎಷ್ಟು ನೀರಿದೆ, ಡೀಸೆಲ್ ಎಷ್ಟು ಬೇಕು, ಪೈಪು ಹೊರಲು ಎಷ್ಟು ಜನ ಬೇಕು ಎಂಬುದೆಲ್ಲ ಆ ಲೆಕ್ಕದಲ್ಲಿತ್ತು. ಗಾಳಿ ಮಾತ್ರ ಅದರಲ್ಲಿರಲಿಲ್ಲ.

ನಮ್ಮ ಕಡೆ ಮಳೆಯನ್ನು ಇಂದಿಗೂ ಇಂಚು ಮತ್ತು ಸೆಂಟುಗಳಲ್ಲೇ ಅಳೆಯುತ್ತಾರೆ. ನೂರು ಸೆಂಟಿಗೆ ಒಂದು ಇಂಚು, ಅಂದರೆ 25.4 ಮಿಲಿಮೀಟರ್. ಒಂದು ಎಕರೆಯ ಮೇಲೆ ಒಂದು ಇಂಚು ನೀರು ನಿಲ್ಲಬೇಕಾದರೆ ಸುಮಾರು 1,02,800 ಲೀಟರ್ ಬೇಕು. ಹಾಗಾಗಿ ಒಂದೂವರೆ ಇಂಚಿನಂತೆ ಆರು ಎಕರೆಗೆ ಒಂಬತ್ತು ಲಕ್ಷ ಲೀಟರಿಗೂ ಮೀರಿ ನೀರನ್ನು ಎತ್ತಬೇಕಾಗುತ್ತದೆ. ನಮ್ಮಲ್ಲಿರುವುದು ನಿಮಿಷಕ್ಕೆ ಸುಮಾರು 24 ಲೀಟರ್ ಬಿಡುವ 27 ಸ್ಪ್ರಿಂಕ್ಲರ್‌ಗಳ ಒಂದು ಸೆಟ್. ಅವನ್ನು ಎರಡೂ ಕಡೆಗೆ 40 ಅಡಿ ಅಂತರದಲ್ಲಿ ನಿಲ್ಲಿಸಿದರೆ ಒಂದು ಎಕರೆ ಆವರಿಸುತ್ತವೆ. ನಾಲ್ಕು ಗಂಟೆ ಓಡಿಸಿದರೆ ಒಂದೂವರೆ ಇಂಚು ಬೀಳುತ್ತದೆ. ಗಾಳಿಯಿಲ್ಲದ ಇರುಳಿನಲ್ಲಿ ಈ ಲೆಕ್ಕ ತಪ್ಪುವುದಿಲ್ಲ.

ಆ ಸೋಮವಾರ ಹಗಲೆಲ್ಲ ಒಣ ಮೂಡಣ ಗಾಳಿ ಬೀಸುತ್ತಿತ್ತು. ಇರುಳಾದರೆ ಇಳಿಯುತ್ತದೆ ಎಂಬ ನಂಬಿಕೆಯಿಂದ ಹತ್ತು ಗಂಟೆಗೆ ದಿಬ್ಬದ ತಾಕಿನಲ್ಲಿ ಪಂಪು ಶುರು ಮಾಡಿದೆವು. ಇಪ್ಪತ್ತು ವರ್ಷದಿಂದ ನಮ್ಮ ಎಂಜಿನ್ ನೋಡಿಕೊಳ್ಳುತ್ತಿರುವವರು ಟಾರ್ಚು ಹಿಡಿದು ಒಂದು ಸುತ್ತು ಹೋಗಿ ಬಂದು, "ಗೌಡ್ರೆ, ಗಾಳಿ ನಿಂತಿಲ್ಲ. ನೀರು ಗಿಡಕ್ಕೆ ಬೀಳ್ತಿಲ್ಲ, ಹೊಗೆ ಥರ ಹಾರ್ತಿದೆ. ನಿಲ್ಸೋಣ," ಎಂದರು. ಪೈಪು ಜೋಡಿಸಿ ಆಗಿತ್ತು, ಜನರನ್ನು ಕರೆಸಿ ಆಗಿತ್ತು, ಇನ್ನೊಂದು ಗಂಟೆಯಲ್ಲಿ ಗಾಳಿ ಇಳಿದೀತು ಎಂದು ನಾನು ಮುಂದುವರಿಸಿದೆ. ಗಾಳಿ ಇಳಿದದ್ದು ಎರಡು ಗಂಟೆಯ ಮೇಲೆ, ನಮ್ಮ ನೀರು ಮುಗಿದ ನಂತರ.

ಬೆಳಿಗ್ಗೆ ಡಬ್ಬಗಳನ್ನು ನೋಡಿದಾಗ ಎಲ್ಲವೂ ಸ್ಪಷ್ಟವಾಯಿತು. ತಳದಿಂದ ಬಾಯಿಯವರೆಗೆ ಒಂದೇ ಅಗಲವಿರುವ ಹದಿನಾರು ಖಾಲಿ ತಗಡಿನ ಡಬ್ಬಗಳನ್ನು ಸ್ಪ್ರಿಂಕ್ಲರ್‌ಗಳ ನಡುವೆ ಹತ್ತು ಹತ್ತು ಅಡಿಗೆ ಸಾಲಾಗಿ ಇಡುವುದು ಕೆಲವು ವರ್ಷಗಳಿಂದ ನನ್ನ ರೂಢಿ. ಇಂಥ ಡಬ್ಬದೊಳಗೆ ಸ್ಕೇಲು ಇಳಿಸಿ ನೋಡಿದಷ್ಟೇ ಆ ಜಾಗಕ್ಕೆ ಬಿದ್ದ ನೀರು; ಬೇರೆ ಲೆಕ್ಕ ಬೇಕಿಲ್ಲ. ಕೊಂಬೆಯ ಮರೆಯಲ್ಲಿ ಮಾತ್ರ ಇಡಬಾರದು, ಗಿಡಸಾಲಿನ ನಡುವಿನ ಬಯಲಿನಲ್ಲೇ ಇಡಬೇಕು. ಆ ದಿನ ಮೂಡಣ ಅಂಚಿನ ಮೊದಲ ಮೂರು ಡಬ್ಬಗಳಲ್ಲಿ 35 ಸೆಂಟ್ ದಾಟಿರಲಿಲ್ಲ, ಪಡುವಣ ಅಂಚಿನವುಗಳಲ್ಲಿ ಎರಡು ಇಂಚಿನ ಮೇಲಿತ್ತು. ನಡುವೆಯೂ ಒಂದೇ ಸಮ ಇರಲಿಲ್ಲ. ಸ್ಪ್ರಿಂಕ್ಲರ್‌ನ ಗಾಳಿಗೆದುರು ಬದಿಯಲ್ಲಿ ನೆಲ ಬೂದು ಬಣ್ಣದಲ್ಲೇ ಉಳಿದಿದ್ದರೆ, ಅದರಿಂದ ಹದಿನೈದು ಅಡಿ ಆಚೆ ಕಾಲಿಟ್ಟರೆ ಕೆಸರು ಚಪ್ಪಲಿಗೆ ಮೆತ್ತುತ್ತಿತ್ತು. ಒಟ್ಟು ಬಿಟ್ಟ ನೀರಿನಲ್ಲಿ ಕೊರತೆಯಿರಲಿಲ್ಲ. ಅದು ಬೀಳಬೇಕಾದ ಜಾಗಕ್ಕೆ ಬಿದ್ದಿರಲಿಲ್ಲ, ಅಷ್ಟೆ.

ಮೂವತ್ತೈದು ಸೆಂಟ್ ನೀರು ಏನೂ ನೀರಿಲ್ಲದ್ದಕ್ಕಿಂತ ಕೆಟ್ಟದ್ದು ಎಂದು ನಾನು ಅನುಭವದಿಂದ ಹೇಳಬಲ್ಲೆ. ನೀರೇ ಸಿಗದ ಮೊಗ್ಗು ನಿದ್ದೆಯಲ್ಲಿದ್ದುಕೊಂಡು ಮುಂದಿನ ಮಳೆಗೆ ಕಾಯುತ್ತದೆ. ಅರೆನೀರು ಕಂಡ ಮೊಗ್ಗುಗಳಲ್ಲಿ ಕೆಲವು ಎಚ್ಚೆತ್ತು ಬೆಳೆಯಲು ಶುರು ಮಾಡಿ, ಅರಳುವ ಶಕ್ತಿಯಿಲ್ಲದೆ ಒಣಗುತ್ತವೆ ಇಲ್ಲವೆ ಅರ್ಧ ಬಿಚ್ಚಿ ನಿಲ್ಲುತ್ತವೆ. ಇನ್ನು ಕೆಲವು ಹಾಗೆಯೇ ಉಳಿದು ಮುಂದಿನ ಮಳೆಗೆ ಅರಳುತ್ತವೆ. ಒಂದೇ ಗಿಡದಲ್ಲಿ ಎರಡು ಹೂವು ಎಂದರೆ ಕೊಯ್ಲಿನಲ್ಲಿ ಎರಡು ಹಣ್ಣು, ಎರಡು ಸಲದ ಕೂಲಿ.

ಮಂಗಳವಾರ ಆ ಒಣ ಪಟ್ಟಿಗಳಿಗೆ ಮತ್ತೆ ನೀರು ಕೊಡಬೇಕೆಂದಿದ್ದವನಿಗೆ ಗಾಳಿ ಅವಕಾಶ ಕೊಡಲಿಲ್ಲ. ಮಧ್ಯಾಹ್ನ ಮೂರು ಗಂಟೆಗೆ ಪಡುವಣದಲ್ಲಿ, ಘಟ್ಟದ ನೆತ್ತಿಯ ಮೇಲೆ, ಮೋಡ ಗೋಡೆಯಂತೆ ಎದ್ದು ನಿಂತಿತು. ಈ ದಿನಗಳಲ್ಲಿ ಹಗಲು ಒಳನಾಡಿನ ಒಣ ಗಾಳಿ ಮೂಡಣದಿಂದ ಬೀಸುತ್ತದೆ. ಕಡಲ ಕಡೆಯ ತೇವದ ಗಾಳಿ ಮಧ್ಯಾಹ್ನದ ಹೊತ್ತಿಗೆ ಘಟ್ಟ ಹತ್ತಿ ಬರುತ್ತದೆ. ಕಾದ ನೆಲದ ಮೇಲೆ ಎರಡೂ ಎದುರುಬದುರಾದಲ್ಲಿ ತೇವದ ಗಾಳಿ ಮೇಲೆದ್ದು ಗುಡುಗು ಮೋಡವಾಗುತ್ತದೆ. ಆ ಮೋಡದಿಂದ ಇಳಿಯುವ ಮಳೆ ಕೆಳಗಿನ ಒಣ ಗಾಳಿಯಲ್ಲಿ ಆವಿಯಾಗುತ್ತಾ ಗಾಳಿಯನ್ನು ತಣಿಸುತ್ತದೆ; ತಣಿದ ಗಾಳಿ ಭಾರವಾಗಿ ನೆಲಕ್ಕೆ ಕುಸಿದು ನಾಲ್ಕೂ ದಿಕ್ಕಿಗೆ ನುಗ್ಗುತ್ತದೆ. ಹೀಗಾಗಿ ನೆಲ ಒಣಗಿರುವ ಮಾರ್ಚಿನಲ್ಲಿ ಮಳೆ ಹನಿ ಕಡಿಮೆಯಾದರೂ ಅದರ ಮುಂಗಾಳಿ ಜೋರು. ನಮಗೆ ಆ ದಿನ ಬಂದದ್ದು ಬರಿಯ ಗಾಳಿ. ಹತ್ತು ನಿಮಿಷ ಸಿಲ್ವರ್ ಓಕ್ ಮರಗಳು ಬುಡದಿಂದ ತೂಗಿದವು. ಈ ಮರ ನೆಟ್ಟಗೆ ಬೇಗ ಬೆಳೆದು ಮೆಣಸಿನ ಬಳ್ಳಿಗೆ ಆಸರೆಯಾಗುವುದು ನಿಜ, ಆದರೆ ಅದರ ಕೊಂಬೆ ಪೆಡಸು. ಮೂರು ಕೊಂಬೆಗಳು ಮುರಿದು, ಅದರಲ್ಲೊಂದು ವಿದ್ಯುತ್ ತಂತಿಯ ಮೇಲೆ ಬಿದ್ದು, ಶುಕ್ರವಾರದವರೆಗೆ ಮನೆಗೆ ಕರೆಂಟಿರಲಿಲ್ಲ.

ಮೆಣಸು ಕೊಯ್ಯುತ್ತಿದ್ದವರನ್ನು ಮೋಡ ಕಂಡ ಕೂಡಲೇ ಏಣಿಯಿಂದ ಇಳಿಸಿದ್ದು ಆ ವಾರ ನಾನು ಹೊತ್ತಿಗೆ ಸರಿಯಾಗಿ ಮಾಡಿದ ಕೆಲಸ. ಇಪ್ಪತ್ತೈದು ಅಡಿ ಎತ್ತರದಲ್ಲಿ ಒಂಟಿ ಏಣಿಯ ಮೇಲೆ ನಿಂತವರಿಗೆ ಮೊದಲ ಬೀಸು ಬರುವಾಗ ಇಳಿಯಲು ಸಮಯ ಉಳಿದಿರುವುದಿಲ್ಲ. ಗುಡುಗು ಕೇಳಿಸುವ ಮುನ್ನ ಇಳಿಸಬೇಕು. ಸಿಡಿಲಿನ ಎಚ್ಚರಿಕೆ ಕೊಡುವ ದಾಮಿನಿ ಆ್ಯಪನ್ನು ನಾನು ಈ ಕೆಲಸಕ್ಕಾಗಿಯೇ ಫೋನಿನಲ್ಲಿ ಇಟ್ಟುಕೊಂಡಿದ್ದೇನೆ.

ಆ ಸಂಜೆ ಕುಳಿತು ನೀರು ಬಿಡುವ ಕ್ರಮವನ್ನೇ ಬದಲಿಸಿದೆ. ಗಾಳಿಯ ವೇಗ ಅಳೆಯುವ ಉಪಕರಣ ನನ್ನಲ್ಲಿಲ್ಲ. ಹಡಗಿನವರಿಗಾಗಿ ಫ್ರಾನ್ಸಿಸ್ ಬ್ಯೂಫೋರ್ಟ್ 1805ರಲ್ಲಿ ರೂಪಿಸಿದ ಗಾಳಿಯ ಮಾಪನಕ್ಕೆ ನೆಲದ ಮೇಲಿನ ಗುರುತುಗಳೂ ಉಂಟು: ಮುಖಕ್ಕೆ ಗಾಳಿ ತಿಳಿದು ಎಲೆ ಸರಸರ ಎಂದರೆ ಎರಡನೇ ಮಟ್ಟ, ಗಂಟೆಗೆ 6ರಿಂದ 11 ಕಿಲೋಮೀಟರ್, ಎಲೆಗಳ ಜೊತೆ ಸಣ್ಣ ಕಡ್ಡಿಗಳೂ ಬಿಡದೆ ಅಲುಗುತ್ತಿದ್ದರೆ ಮೂರನೇ ಮಟ್ಟ, 12ರಿಂದ 19 ಕಿಲೋಮೀಟರ್. ಕೆರೆ ಏರಿಯ ಮೇಲಿನ ನೇರಳೆ ಮರವನ್ನು ನಾನು ಇದಕ್ಕೆ ಗುರುತಾಗಿ ಇಟ್ಟುಕೊಂಡೆ. ಟಾರ್ಚಿನ ಬೆಳಕಿನಲ್ಲಿ ಅದರ ಕಡ್ಡಿಗಳು ಅಲುಗುತ್ತಿದ್ದರೆ ಎಂಜಿನ್ ಮುಟ್ಟುವುದಿಲ್ಲ, ಬರಿಯ ಎಲೆ ಅಲುಗಿದರೆ ಶುರು ಮಾಡುವುದು ಎಂದು ನಿಶ್ಚಯಿಸಿದೆವು. ಹಿಂದಿನ ರಾತ್ರಿ ಪೈಪಿನ ಸಾಲುಗಳು ಗಾಳಿ ಬೀಸುವ ದಿಕ್ಕಿಗೇ, ಮೂಡಣದಿಂದ ಪಡುವಣಕ್ಕೆ, ಮಲಗಿದ್ದವು. ಈಗ ಅವನ್ನು ಗಾಳಿಗೆ ಅಡ್ಡಲಾಗಿ ಬಡಗಣ ತೆಂಕಣಕ್ಕೆ ಹಾಕಿಸಿ, ಸಾಲಿನೊಳಗೆ 40 ಅಡಿಗೆ ಬದಲು 30 ಅಡಿಗೊಂದರಂತೆ ಸ್ಪ್ರಿಂಕ್ಲರ್ ನಿಲ್ಲಿಸಿದೆವು. ಗಾಳಿ ನೀರಿನ ವೃತ್ತವನ್ನು ಒಂದು ದಿಕ್ಕಿಗೆ ಎಳೆದು ಅಕ್ಕಪಕ್ಕದಲ್ಲಿ ಕಿರಿದಾಗಿಸುತ್ತದೆ. ಅಡ್ಡಸಾಲಿನಲ್ಲಿ ಹತ್ತಿರ ಹತ್ತಿರ ನಿಲ್ಲಿಸಿದರೆ ಆ ಕಿರಿದಾದ ಜಾಗ ಮುಚ್ಚಿಹೋಗುತ್ತದೆ. ಇದರಿಂದ ಒಂದು ಪಾಳಿಗೆ ಒಂದು ಎಕರೆಯ ಬದಲು 30 ಗುಂಟೆ ಮಾತ್ರ ಸಿಕ್ಕಿತು, ಆದರೆ ನಾಲ್ಕು ಗಂಟೆಯ ಕೆಲಸ ಮೂರು ಗಂಟೆಗೆ ಮುಗಿಯಿತು. ಎಂಜಿನ್ನಿನ ಒತ್ತಡವನ್ನೂ ಸ್ವಲ್ಪ ಇಳಿಸಿದೆವು. ಒತ್ತಡ ಹೆಚ್ಚಿದಷ್ಟೂ ನೀರು ನುಣ್ಣಗೆ ತುಂತುರಾಗಿ ಹಾರುತ್ತದೆ, ದಪ್ಪ ಹನಿ ನೆಟ್ಟಗೆ ಬೀಳುತ್ತದೆ.

ಬುಧವಾರ ಬೆಳಗಿನ ಜಾವ ಎರಡು ಗಂಟೆಗೆ ನೇರಳೆ ಮರ ಸುಮ್ಮನಾಯಿತು. ಎರಡರಿಂದ ಎಂಟರವರೆಗೆ ಎರಡು ಪಾಳಿ ಓಡಿಸಿ ಕೆರೆ ತಾಕಿನ ಒಂದೂವರೆ ಎಕರೆ ಮುಗಿಸಿದೆವು. ಗುರುವಾರ ಜಾವವೂ ಅಷ್ಟೇ. ಡಬ್ಬಗಳಲ್ಲಿ ಅತಿ ಕಡಿಮೆಯೆಂದರೆ 125 ಸೆಂಟ್, ಹೆಚ್ಚೆಂದರೆ 170 ಇತ್ತು. ಆ ಎರಡು ಜಾವಗಳಲ್ಲಿ ಮೊದಲು ದಿಬ್ಬದ ಒಣ ಪಟ್ಟಿಗಳನ್ನು ಸರಿಪಡಿಸಬೇಕಿತ್ತೇ ಎಂಬ ಪ್ರಶ್ನೆ ನನ್ನನ್ನು ಈಗಲೂ ಬಿಟ್ಟಿಲ್ಲ. ಅರೆನೀರು ಕಂಡ ಗಿಡಕ್ಕೆ ಒಂದೆರಡು ದಿನದೊಳಗೆ ಉಳಿದ ನೀರು ಕೊಟ್ಟರೆ ಮಾತ್ರ ಪ್ರಯೋಜನ. ಕಾಲು ಎಕರೆಯ ಪಟ್ಟಿಗಾಗಿ ಮೂರು ಎಕರೆಯನ್ನು ತಡಮಾಡಲು ಮನಸ್ಸಾಗದೆ ಅದನ್ನು ಬಿಟ್ಟೆ. ಈಗಾದರೆ ಒಂದು ಪಾಳಿಯನ್ನು ಅದಕ್ಕೆ ಕೊಡುತ್ತಿದ್ದೆ.

ಗುರುವಾರ ಸಂಜೆ ನಾಲ್ಕೂವರೆಗೆ ಗಾಳಿ ತಟ್ಟನೆ ನಿಂತು, ಸೆಕೆ ಹೆಚ್ಚಿ, ಹಕ್ಕಿಗಳ ಸದ್ದಡಗಿತು. ಐದು ನಿಮಿಷದಲ್ಲಿ ಪಡುವಣದಿಂದ ಮಣ್ಣಿನ ವಾಸನೆ ಹೊತ್ತ ತಣ್ಣನೆಯ ಗಾಳಿ ನುಗ್ಗಿತು. ಕಣದಲ್ಲಿ ಹರಡಿದ್ದ ಮೆಣಸನ್ನು ಗುಡ್ಡೆ ಮಾಡಿ ಟಾರ್ಪಾಲು ಹೊದಿಸಿ, ಅದರ ಅಂಚಿಗೆ ಕಲ್ಲು ಹೇರುವಷ್ಟರಲ್ಲಿ ಹನಿ ಶುರುವಾಯಿತು. ಕಾಲು ಗಂಟೆಯಲ್ಲಿ ಮಳೆ ಹೋಯಿತು. ಇಂಥ ಮಳೆ ನಿಂತ ಮರುಕ್ಷಣವೇ ಮಲೆನಾಡಿನ ತೋಟಗಳಲ್ಲಿ ಫೋನುಗಳು ಮೊಳಗುತ್ತವೆ, ಎಲ್ಲರದೂ ಒಂದೇ ಪ್ರಶ್ನೆ: "ಎಷ್ಟು ಸೆಂಟ್ ಬಂತು?" ನಮ್ಮ ಮಳೆಮಾಪಕದಲ್ಲಿ 22 ಸೆಂಟ್ ಇತ್ತು. ಎರಡು ಕಿಲೋಮೀಟರ್ ಆಚೆಯ ದೊಡ್ಡಪ್ಪನ ತೋಟದಲ್ಲಿ 85 ಸೆಂಟ್ ಬಿದ್ದಿತ್ತು. "ನಿಂಗೆ ಅಷ್ಟೇನಾ ಮಗ? ಹಂಗಾದ್ರೆ ಇವತ್ತು ಮಲಗಬೇಡ, ಉಳಿದದ್ದಕ್ಕೆ ನೀರು ಬಿಡು," ಎಂದರು ಅವರು. ಗ್ರಾಮ ಪಂಚಾಯಿತಿ ಮಟ್ಟದ ಮಳೆಯ ವಿವರವನ್ನು ವರುಣ ಮಿತ್ರ ಸಹಾಯವಾಣಿಯಲ್ಲಿ ಕೇಳಿ ತಿಳಿಯಬಹುದು, ನಾನೂ ಕೇಳುತ್ತೇನೆ. ಆದರೆ ಮಾರ್ಚಿನ ಮಳೆಯ ವಿಷಯದಲ್ಲಿ ನಿರ್ಧಾರ ಮಾಡಬೇಕಾದದ್ದು ತಮ್ಮ ತೋಟದ ಮಾಪಕ ನೋಡಿಯೇ. ಅಶ್ವಿನಿಯಿಂದ ಮಳೆ ನಕ್ಷತ್ರ ಎಣಿಸುವ ನಮ್ಮ ಹಿರಿಯರ ಲೆಕ್ಕಕ್ಕೂ ಸೇರದ ಮಳೆ ಇದು. ಒಂದು ದಿಬ್ಬಕ್ಕೆ ಬಿದ್ದು ಇನ್ನೊಂದನ್ನು ಬಿಟ್ಟುಹೋಗುತ್ತದೆ.

ಇನ್ನೂ ನೀರು ಕಾಣದೆ ಉಳಿದಿದ್ದ ಎರಡು ಎಕರೆಗೆ ಈ 22 ಸೆಂಟ್ ಅಪಾಯದ ಅಳತೆಯೇ ಆಗಿತ್ತು. ಗುರುವಾರ ರಾತ್ರಿ ಸಿಡಿಲು ನಿಲ್ಲದ ಕಾರಣ ಯಾರನ್ನೂ ಪೈಪಿನ ಹತ್ತಿರ ಕಳಿಸಲಿಲ್ಲ. ಶುಕ್ರವಾರ ಸಂಜೆ ಆಕಾಶ ತಿಳಿಯಾಯಿತು, ನೇರಳೆ ಎಲೆಯೂ ಅಲುಗಲಿಲ್ಲ. ಹಳೆಯ 40 ಅಡಿ ಅಂತರಕ್ಕೇ ಮರಳಿ, ಬಿದ್ದ ಮಳೆಯನ್ನು ಕಳೆದು, ಒಂದೊಂದು ಎಕರೆಗೆ ಮೂರೂವರೆ ಗಂಟೆಯಂತೆ ಕೊಟ್ಟು ಬೆಳಗಾಗುವುದರೊಳಗೆ ಮುಗಿಸಿದೆವು. ಶನಿವಾರ ಸಂಜೆ ಎಲ್ಲ ತಾಕುಗಳ ಮೇಲೂ 70 ಸೆಂಟ್ ಮಳೆ ಬಿತ್ತು. ಭಾನುವಾರ ಗಾಳಿ ಪೂರ್ತಿ ನಿಂತಿತು.

ಮುಂದಿನ ಮಂಗಳವಾರ ದಿಬ್ಬದ ತಾಕು ಅರಳಿತು. ಎದುರಿನ ಗುಡ್ಡದ ಮೇಲೆ ನಿಂತು ನೋಡಿದರೆ ಎಂಟು ದಿನದ ಹಿಂದಿನ ಗಾಳಿ ಎಲ್ಲೆಲ್ಲಿ ಹಾದಿತ್ತೆಂಬುದು ಕಣ್ಣಿಗೆ ಕಾಣುತ್ತಿತ್ತು: ಬಿಳಿಯ ಪಟ್ಟಿ, ಅದರ ಪಕ್ಕ ಹಸಿರು ಪಟ್ಟಿ, ಮತ್ತೆ ಬಿಳಿ. ಹಸಿರು ಪಟ್ಟಿಯ ಗಿಡಗಳಲ್ಲಿ ಅಲ್ಲೊಂದು ಇಲ್ಲೊಂದು ಹೂವು ಅರೆಬಿಚ್ಚಿ ಕಂದಾಗಿತ್ತು. ಉಳಿದ ಮೊಗ್ಗುಗಳು ಶನಿವಾರದ ಮಳೆಗೆ ಎಚ್ಚೆತ್ತು ಆ ವಾರದ ಕೊನೆಗೆ ಅರಳಿದವು. ಕೆರೆ ತಾಕು ಮಾತ್ರ ಬುಧವಾರ ಮತ್ತು ಗುರುವಾರ ಒಂದೇ ಸಮನೆ ಬೆಳ್ಳಗಾಗಿ, ಮಲ್ಲಿಗೆಯಂಥ ಆ ಪರಿಮಳ ಮನೆಯ ಜಗಲಿಯವರೆಗೆ ಬಂತು. ಹೆಜ್ಜೇನುಗಳು ಬೆಳಕು ಹರಿಯುವ ಮುನ್ನವೇ ಬಂದಿದ್ದವು. ರೊಬಸ್ಟ ತನ್ನದೇ ಪರಾಗದಿಂದ ಕಾಯಿ ಕಟ್ಟುವುದಿಲ್ಲ, ಪಕ್ಕದ ಬೇರೆ ಗಿಡದ ಪರಾಗ ಅದಕ್ಕೆ ಬೇಕು. ಜೇನಿನಷ್ಟೇ ಗಾಳಿಯೂ ಆ ಹಗುರ ಪರಾಗವನ್ನು ಹೊತ್ತೊಯ್ಯುತ್ತದೆ. ಆ ಎರಡು ದಿನ ಬೀಸಿದ್ದು ಎಲೆ ಅಲುಗುವಷ್ಟು ಹದವಾದ ಗಾಳಿ, ಮಳೆಯೂ ಇರಲಿಲ್ಲ. ಹೂವಿನ ದಿನ ಮಳೆ ಬಿದ್ದು ಪರಾಗ ತೊಳೆದುಹೋದ ವರ್ಷಗಳನ್ನು ಕಂಡವನಿಗೆ ಇದು ಎಂಥ ನೆಮ್ಮದಿ ಎಂಬುದು ತೋಟದವರಿಗೆ ಗೊತ್ತು.

ಹೂವು ಕಳೆದು ಮೂರನೇ ವಾರ ಬ್ಯಾಕಿಂಗ್ ನೀರು, ಅಂದರೆ ಕಟ್ಟಿದ ಕಾಯಿ ನಿಲ್ಲಲೆಂದು ಕೊಡುವ ಎರಡನೇ ನೀರು, ಕೊಡುವಾಗ ಮೊದಲ ಪಾಳಿಯನ್ನು ದಿಬ್ಬದ ಮೂಡಣ ಅಂಚಿಗೇ ಇಟ್ಟೆ. ಪೈಪನ್ನು ಅಡ್ಡಸಾಲಿಗೆ ಹಾಕಿ, ಜಾವ ಮೂರಕ್ಕೆ ಶುರು ಮಾಡಿ, ಹದಿನಾರು ಡಬ್ಬಗಳಲ್ಲಿ ಎಂಟನ್ನು ಆ ಅಂಚಿನಲ್ಲೇ ಸಾಲಾಗಿ ಇಟ್ಟಿದ್ದೆ. ಆರು ಗಂಟೆಗೆ ಎಂಜಿನ್ ನಿಲ್ಲಿಸಿ ಸ್ಕೇಲು ಇಳಿಸಿದಾಗ, ಮೊದಲ ಡಬ್ಬದಲ್ಲಿ 140 ಸೆಂಟ್ ಇತ್ತು.