ಕೂಪನ್ ಒಂದು ಕಡೆ, ಸಂತೇಪೇಟೆ ಇನ್ನೊಂದು ಕಡೆ: ನಮ್ಮನೆ ದಿನಸಿ ಲೆಕ್ಕ

ನಮ್ಮದು ಐದು ಜನರ ಸಂಸಾರ. ನಾವಿಬ್ಬರು, ಎರಡು ಮಕ್ಕಳು, ಅತ್ತೆ. ಮೈಸೂರಿನ ಹೆಬ್ಬಾಳದ ಕಡೆ ಬಾಡಿಗೆ ಮನೆ. ಯಜಮಾನರಿಗೆ ಫ್ಯಾಕ್ಟರಿ ಕೆಲಸ. ಬಾಡಿಗೆಯನ್ನೂ ಸ್ಕೂಲ್ ಫೀಸನ್ನೂ ಚೌಕಾಸಿ ಮಾಡುವುದಕ್ಕೆ ಆಗುವುದಿಲ್ಲ. ಹೆಚ್ಚು ಕಡಿಮೆ ಮಾಡಬಹುದಾದ ಖರ್ಚು ಅಂದರೆ ಅಡುಗೆಮನೆಯದೇ.

"ನೀವು ಕೂಪನ್ ಹಾಕಿ ಸಾಮಾನು ತರಿಸ್ತೀರಂತೆ, ತುಂಬಾ ಉಳಿಯತ್ತಾ?" ಅಂತ ಪರಿಚಯದವರು ಕೇಳುತ್ತಿರುತ್ತಾರೆ. ಉಳಿಯುತ್ತದೆ, ಆದರೆ ಅರ್ಧ ಪಟ್ಟಿಗೆ ಮಾತ್ರ. ಆ ಅರ್ಧ ಯಾವುದು ಅಂತ ಗೊತ್ತಿರಬೇಕು, ಅಷ್ಟೇ.

ಮಗಳ ಹಳೇ ನೋಟ್‌ಬುಕ್ಕಿನಲ್ಲಿ ಹಾಳೆಯ ಮಧ್ಯೆ ಗೀಟು ಹಾಕಿಕೊಂಡಿದ್ದೇನೆ. ಎಡಕ್ಕೆ ಅಕ್ಕಿ, ಬೇಳೆ, ರಾಗಿ, ಬೆಲ್ಲ, ಹುಣಸೆಹಣ್ಣು, ಮೆಣಸಿನಕಾಯಿ, ತರಕಾರಿ. ಬಲಕ್ಕೆ ಸೋಪು, ಪೇಸ್ಟು, ಎಣ್ಣೆ, ಬಿಸ್ಕತ್ತು, ಬಟ್ಟೆ ಒಗೆಯುವ ಪುಡಿ, ಪ್ಯಾಡು. ಎಡಗಡೆಯದನ್ನು ನೋಡಿ, ಮುಟ್ಟಿ, ಕೇಳಿ ತರಬಹುದು. ಸುಗ್ಗಿಯಲ್ಲಿ ತಂದರೆ ಇನ್ನೂ ಅಗ್ಗ. ಬಲಗಡೆಯದು ಕಂಪನಿ ಸಾಮಾನು. ಎಂಆರ್‌ಪಿ ಅಚ್ಚಾಗಿ ಬಂದಿರುತ್ತದೆ, ಯಾವ ಅಂಗಡಿಗೆ ಹೋದರೂ ಅದೇ ಪ್ಯಾಕೆಟ್. ಕೂಪನ್ ಕೆಲಸ ಮಾಡುವುದು ಇಲ್ಲಿ. ಆ್ಯಪಿನಲ್ಲಿ ಬೇಳೆಗೆ ಕೂಪನ್ ಕಂಡರೆ ನಾನು ಸುಮ್ನೆ ದಾಟಿಕೊಂಡು ಹೋಗುತ್ತೇನೆ. ಎಷ್ಟೋ ಸಲ ಕೂಪನ್ ಕಳೆದ ಮೇಲೂ ಸಂತೇಪೇಟೆಯ ಸಗಟು ಅಂಗಡಿಗಳ ರೇಟಿಗಿಂತ ಜಾಸ್ತಿ ಇರುತ್ತದೆ.

ಈಗ ಕೂಪನ್ ಲೆಕ್ಕ ನೋಡಿ. 799 ರೂಪಾಯಿ ಮೇಲೆ ಕೊಂಡರೆ 100 ಕಡಿಮೆ ಅಂತ ಬರುತ್ತದೆ ಅಂದುಕೊಳ್ಳಿ. ನಮಗೆ ಬೇಕಾಗಿದ್ದು 640ರ ಸಾಮಾನು. 799 ಮುಟ್ಟಿಸಲು ಚಿಪ್ಸು, ಚಾಕೊಲೇಟು, ಇನ್ನೊಂದು ಕೆಚಪ್ಪು ಸೇರಿಸಿ 805 ಮಾಡಿದರೆ ಕೊಡುವುದು 705. ಪರ್ಸಿನಿಂದ 65 ರೂಪಾಯಿ ಜಾಸ್ತಿಯೇ ಹೋಯಿತು, ಅಲ್ವಾ? ಡೆಲಿವರಿ ಚಾರ್ಜು, ಹ್ಯಾಂಡ್ಲಿಂಗ್ ಚಾರ್ಜು ಬೇರೆ. ಆದರೂ ಆ್ಯಪು "ನೀವು 100 ರೂಪಾಯಿ ಉಳಿಸಿದ್ದೀರಿ" ಅಂತ ಪಟಾಕಿ ಹೊಡೆದು ತೋರಿಸುತ್ತದೆ.

ಇದಕ್ಕೆ ನಾನು ಕಂಡುಕೊಂಡ ದಾರಿ ಮೇಲಿನ ಮನೆ ಅಕ್ಕ. ಅವರ ಸೋಪು ಎಣ್ಣೆ, ನಮ್ಮ ಸೋಪು ಎಣ್ಣೆ ಸೇರಿಸಿ ಒಂದೇ ಆರ್ಡರ್ ಹಾಕುತ್ತೇವೆ. ಬೇಡದ್ದನ್ನು ಸೇರಿಸದೆಯೇ 799 ದಾಟುತ್ತದೆ, ಡೆಲಿವರಿ ಚಾರ್ಜೂ ಹೋಗುತ್ತದೆ. ಕೂಪನ್ನಿನಿಂದ ಕಡಿಮೆಯಾದ ದುಡ್ಡನ್ನು ಅವರವರ ಬಿಲ್ಲಿಗೆ ತಕ್ಕ ಹಾಗೆ ಹಂಚಿಕೊಳ್ಳುತ್ತೇವೆ. ಬ್ಯಾಂಕಿನ ಕಾರ್ಡಿಗೆ ಆಫರ್ ಇದ್ದರೆ ಯಾರ ಹತ್ತಿರ ಆ ಕಾರ್ಡಿದೆಯೋ ಅವರು ಆರ್ಡರ್ ಹಾಕುವುದು.

ಆಫರ್ ನಿಜವೋ ಬಣ್ಣವೋ ಅಂತ ತಿಳಿಯಲು ಪ್ಯಾಕೆಟ್ಟಿನಲ್ಲೇ ಒಂದು ದಾರಿ ಇದೆ. ಎಂಆರ್‌ಪಿ ಹತ್ತಿರವೇ ಸಣ್ಣ ಅಕ್ಷರದಲ್ಲಿ ಒಂದು ಗ್ರಾಮಿಗೆ ಅಥವಾ ಒಂದು ಕೆಜಿಗೆ ಎಷ್ಟು ಬಿತ್ತು ಅಂತ ಹಾಕಿರುತ್ತಾರೆ. ಎರಡು ಸೈಜಿನ ಪ್ಯಾಕೆಟ್ ಹಿಡಿದು ಆ ಸಾಲನ್ನು ಮಾತ್ರ ನೋಡಿ. ದೊಡ್ಡ ಪ್ಯಾಕೆಟ್ಟೇ ಯಾವಾಗಲೂ ಅಗ್ಗ ಅನ್ನುವುದು ಸುಳ್ಳು. ಶಾಂಪೂ ಸ್ಯಾಷೆ ಎಷ್ಟೋ ಸಲ ಬಾಟಲಿಗಿಂತ ಕಡಿಮೆಗೆ ಬೀಳುತ್ತದೆ.

ಎಣ್ಣೆಯಲ್ಲಿ ಇನ್ನೂ ಹುಷಾರಾಗಿರಬೇಕು. ಒಂದು ಲೀಟರ್ ಎಣ್ಣೆ ಅಂದರೆ ಸುಮಾರು 910 ಗ್ರಾಂ. ಈಗ ನೋಡುವುದಕ್ಕೆ ಅದೇ ಥರ ಇರುವ 850, 800, 750 ಗ್ರಾಂ ಪ್ಯಾಕೆಟ್‌ಗಳೂ ಬರುತ್ತವೆ. "ಹತ್ತು ರೂಪಾಯಿ ಕಡಿಮೆ" ಅಂತ ಬೋರ್ಡು ಕಂಡರೆ ನಾನು ಮೊದಲು ಪ್ಯಾಕೆಟ್ ತಿರುಗಿಸಿ ತೂಕ ನೋಡುತ್ತೇನೆ. ಹಿಂದೆ ನಿಂತವರು ಗೊಣಗಿದರೆ ಗೊಣಗಲಿ.

2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ಬದಲಾದಾಗ ನೋಟ್‌ಬುಕ್ಕಿನ ಬಲಗಡೆಯ ಎಷ್ಟೋ ರೇಟುಗಳನ್ನು ಹೊಡೆದುಹಾಕಿ ಹೊಸದಾಗಿ ಬರೆಯಬೇಕಾಯಿತು. ಮೈ ಸೋಪು, ಟೂತ್‌ಪೇಸ್ಟು, ಶಾಂಪೂ, ತಲೆಗೆ ಹಚ್ಚುವ ಎಣ್ಣೆ, ಬಿಸ್ಕತ್ತು ಇವಕ್ಕೆ ಶೇಕಡಾ 18 ಇದ್ದದ್ದು 5ಕ್ಕೆ ಇಳಿಯಿತು. ತುಪ್ಪಕ್ಕೆ 12 ಇದ್ದದ್ದು 5 ಆಯಿತು. ಬಟ್ಟೆ ಒಗೆಯುವ ಪುಡಿ ಮಾತ್ರ 18ರಲ್ಲೇ ಉಳಿಯಿತು. ಹಳೇ ರೇಟನ್ನು ಅಡ್ಡಗೀಟು ಹಾಕಿ ತೋರಿಸಿ "ಇಷ್ಟು ಡಿಸ್ಕೌಂಟ್" ಅನ್ನುವವರ ಮುಂದೆ ಈ ಲೆಕ್ಕ ಗೊತ್ತಿದ್ದರೆ ಒಳ್ಳೆಯದು.

ಯಜಮಾನರಿಗೆ ಫ್ಯಾಕ್ಟರಿಯಿಂದ ಮೀಲ್ ಕಾರ್ಡ್ ಕೊಡುತ್ತಾರೆ. ಅದರಲ್ಲಿ ತಿನ್ನುವ ಸಾಮಾನು ಮಾತ್ರ ಕೊಳ್ಳಬಹುದು. ಎಣ್ಣೆ, ರವೆ, ಬಿಸ್ಕತ್ತಿಗೆ ಒಂದು ಬಿಲ್ಲು, ಸೋಪು ಪೌಡರಿಗೆ ಇನ್ನೊಂದು ಬಿಲ್ಲು ಮಾಡಿಸುತ್ತೇವೆ.

ಬಿಲ್ಲಿನ ಮಾತು ಬಂತಲ್ಲ, ಅದನ್ನು ಬಾಗಿಲು ದಾಟುವ ಮೊದಲೇ ಓದಿಬಿಡಿ. ನಾವು ಹೋಗುವ ಒಂದು ಸೂಪರ್ ಮಾರ್ಕೆಟ್ಟಿನಲ್ಲಿ ಶೆಲ್ಫಿನ ಚೀಟಿಯಲ್ಲಿ ಒಂದು ರೇಟು, ಬಿಲ್ಲಿನಲ್ಲಿ ಇನ್ನೊಂದು ರೇಟು ಬಂದಿದ್ದುಂಟು. "ಸಿಸ್ಟಮ್‌ನಲ್ಲಿ ಅಪ್‌ಡೇಟ್ ಆಗಿಲ್ಲ ಮೇಡಂ" ಅಂದರು. ಚೀಟಿಯ ಫೋಟೋ ತೋರಿಸಿದ ಮೇಲೆ ವ್ಯತ್ಯಾಸದ ದುಡ್ಡು ವಾಪಸ್ ಕೊಟ್ಟರು. ಆಮೇಲಿಂದ ಆಫರ್ ಚೀಟಿ ಕಂಡಲ್ಲೆಲ್ಲ ಒಂದು ಫೋಟೋ.

ಇನ್ನು ಎಡಗಡೆಯ ಪಟ್ಟಿ. ನನಗೆ ಇಷ್ಟವಾದದ್ದು ಇದೇ, ಜಾಸ್ತಿ ಉಳಿಯುವುದೂ ಇಲ್ಲೇ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದಾಗಿನಿಂದ ಹೆಂಗಸರಿಗೆ ಬಸ್ಸು ಫ್ರೀ. ಆಧಾರ್ ತೋರಿಸಿ ಸೊನ್ನೆ ರೂಪಾಯಿ ಟಿಕೆಟ್ ತಗೊಂಡು ಸಿಟಿ ಬಸ್ ಸ್ಟ್ಯಾಂಡಿನಲ್ಲಿ ಇಳಿದರೆ ಸಂತೇಪೇಟೆಗೆ ನಡೆದೇ ಹೋಗಬಹುದು. ಅಕ್ಕಿ ಮೂಟೆ ಮಾತ್ರ ಯಜಮಾನರ ರಜೆಯ ದಿನ, ಗಾಡಿಯಲ್ಲಿ.

ಅಕ್ಕಿ ಅಂಗಡಿಯಲ್ಲಿ 25 ಕೆಜಿ ಮೂಟೆಯ ಜೊತೆಗೆ 26 ಕೆಜಿ ಮೂಟೆಯೂ ಇರುವುದನ್ನು ನೋಡಿರಬಹುದು. 2022ರ ಜುಲೈನಿಂದ 25 ಕೆಜಿವರೆಗಿನ ಪ್ಯಾಕ್ ಮಾಡಿ ಲೇಬಲ್ ಹಾಕಿದ ಅಕ್ಕಿಗೆ ಶೇಕಡಾ 5 ಜಿಎಸ್‌ಟಿ ಬಂತು. ಅದಕ್ಕಿಂತ ದೊಡ್ಡ ಮೂಟೆಗೆ ಇಲ್ಲ. ಮಿಲ್ಲಿನವರು ಒಂದು ಕೆಜಿ ಜಾಸ್ತಿ ತುಂಬಿದರು, ಮುಗೀತು. ಮೂಟೆಯ ಬೆಲೆ ಕೇಳಬೇಡಿ, ಕೆಜಿಗೆ ಎಷ್ಟು ಬಿತ್ತು ಅಂತ ಭಾಗಿಸಿ ನೋಡಿ.

ತೊಗರಿಬೇಳೆಯನ್ನು ಹೊಸ ಫಸಲು ಬಂದ ಮೇಲೆ ಒಟ್ಟಿಗೆ ತರುತ್ತೇನೆ. ಒಟ್ಟಿಗೆ ತಂದರೆ ಹುಳದ ಕಾಟ. ಅತ್ತೆ ಇದಕ್ಕೆ ಅಂಗೈಗೆ ಸ್ವಲ್ಪ ಹರಳೆಣ್ಣೆ ಹಚ್ಚಿಕೊಂಡು ಬೇಳೆಯನ್ನು ಮೊರದಲ್ಲಿ ಹಾಕಿ ಉಜ್ಜುತ್ತಾರೆ. ಕಾಳಿಗೆಲ್ಲ ತೆಳ್ಳಗೆ ಹೊಳಪು ಬರುವವರೆಗೆ ಉಜ್ಜಬೇಕು, ಕೈಗೆ ಜಿಡ್ಡು ಅಂಟಿದರೆ ಎಣ್ಣೆ ಜಾಸ್ತಿಯಾಯಿತು ಅಂತ ಅರ್ಥ. ಆಮೇಲೆ ತಾರಸಿಯಲ್ಲಿ ಒಂದು ಬಿಸಿಲು ಕಾಣಿಸಿ, ಆರಿದ ಮೇಲೆ ಡಬ್ಬಕ್ಕೆ. ಬಿಸಿ ಇರುವಾಗಲೇ ಮುಚ್ಚಿದರೆ ಒಳಗೆ ಬೆವರುತ್ತದೆ. ಅಕ್ಕಿ ಡ್ರಮ್ಮಿಗೆ ಒಣಗಿದ ಬೇವಿನ ಸೊಪ್ಪು. ಹಾಳಾಗದ ಹಾಗೆ ಇಡಲು ಪುರುಸೊತ್ತಿಲ್ಲದವರು ದಯವಿಟ್ಟು ಕೆಜಿ ಕೆಜಿಯಾಗೇ ತನ್ನಿ, ಅದೇ ಅಗ್ಗ.

ಹುಣಸೆಹಣ್ಣು, ಬ್ಯಾಡಗಿ ಮೆಣಸಿನಕಾಯಿ ಬೇಸಿಗೆ ಶುರುವಿನಲ್ಲಿ ತಂದು ವರ್ಷದ ಹುಳಿಗೆ, ಹುಳಿಪುಡಿಗೆ ಎತ್ತಿಡುತ್ತೇವೆ. ರಾಗಿ, ಬೆಲ್ಲ ತವರಿನಿಂದ. ಪಾಂಡವಪುರದ ಕಡೆ ನಮ್ಮೂರು, ಅಣ್ಣ ಆಲೆಮನೆಯಿಂದಲೇ ಬೆಲ್ಲ ತಂದಿಟ್ಟಿರುತ್ತಾನೆ. ಬೆಳ್ಳಗೆ ಹೊಳೆಯುವ ಅಚ್ಚಲ್ಲ, ಕಂದು ಬಣ್ಣದ್ದು. ದುಡ್ಡು ಕೊಟ್ಟೇ ತರುತ್ತೇನೆ, ಇಲ್ಲದಿದ್ದರೆ ಅತ್ತಿಗೆ ಹತ್ತಿರ ಮಾತು ಕೇಳಬೇಕಾಗುತ್ತದೆ.

ತರಕಾರಿಗೆ ಬೆಳಿಗ್ಗೆ ಬೇಗ ಎಂ.ಜಿ. ರಸ್ತೆ ಮಾರ್ಕೆಟ್. ಆಗದಿದ್ದರೆ ಸಂಜೆ ನಮ್ಮ ಬೀದಿ ಕೊನೆಯ ಗಾಡಿ. ಕತ್ತಲಾಗುವ ಹೊತ್ತಿಗೆ ಅವರು ತೂಕ ಬಿಟ್ಟು ಗುಡ್ಡೆ ಲೆಕ್ಕಕ್ಕೆ ಇಳಿಯುತ್ತಾರೆ. ಗುಡ್ಡೆಯ ಅಡಿಯಲ್ಲಿ ಮೆತ್ತಗಿರುವ ಟೊಮೇಟೊ ಇದ್ದರೂ ಅವತ್ತಿನ ಸಾರಿಗೆ ಆಗುತ್ತದೆ. ನಾನು ರೇಟಿಗೆ ಜಗಳ ಆಡುವುದಿಲ್ಲ, ಕೊಸರು ಕೇಳುತ್ತೇನೆ. "ಅಕ್ಕಾ, ಇಷ್ಟು ಸಾಕಾ?" ಅನ್ನುತ್ತಾ ಒಂದು ಹಿಡಿ ಕರಿಬೇವು, ನಾಲ್ಕು ಹಸಿಮೆಣಸಿನಕಾಯಿ ಚೀಲಕ್ಕೆ ಹಾಕುತ್ತಾರೆ. ಆ್ಯಪಿನಲ್ಲಿ ಅದೇ ಕರಿಬೇವಿಗೆ ಬೇರೆ ದುಡ್ಡು.

ಕಾಫಿ ಪುಡಿಯಲ್ಲಿ ಮಾತ್ರ ನಮ್ಮನೆಯಲ್ಲಿ ಉಳಿತಾಯ ನಡೆಯುವುದಿಲ್ಲ. ಚಿಕೋರಿ ಜಾಸ್ತಿ ಹಾಕಿಸಿದರೆ ಅಗ್ಗವಾಗುತ್ತದೆ ಅಂತ ನನಗೂ ಗೊತ್ತು. ಆದರೆ ಅತ್ತೆ ಒಂದು ಗುಟುಕು ಕುಡಿದೇ ಕಂಡುಹಿಡಿಯುತ್ತಾರೆ. ಅದಕ್ಕೇ ನೋಟ್‌ಬುಕ್ಕಿನಲ್ಲಿ ಕಾಫಿ ಪುಡಿಯನ್ನು ಎಡಕ್ಕೂ ಬರೆದಿಲ್ಲ, ಬಲಕ್ಕೂ ಬರೆದಿಲ್ಲ. ಅವರು ಹೇಳಿದ ಅಂಗಡಿ, ಅವರು ಹೇಳಿದ ಪುಡಿ, ಅಂಗಡಿಯವರು ಹೇಳಿದ ರೇಟು.