ಹಳೇ ಆಟಗಾರರ ಮನೆಯ ಸಹಿ ಬ್ಯಾಟು ಮಾರುವುದು ಹೇಗೆ

ನಾನು ಬೆಂಗಳೂರಿನ ಕ್ರಿಕೆಟ್ ಲೀಗ್ ಮ್ಯಾಚುಗಳಿಗೆ ಸ್ಕೋರ್ ಬರೆಯುತ್ತಿದ್ದವನು. ಹಾಗಾಗಿ ಹಳೇ ಆಟಗಾರರ ಮನೆಗಳಲ್ಲಿ ನನ್ನ ನಂಬರ್ ಇದೆ. "ನಮ್ಮ ಯಜಮಾನರ ಬ್ಯಾಟ್ ಇದೆ ಸಾರ್, ಟೀಮಿನವರೆಲ್ಲರ ಸಹಿ ಇದೆ, ಏನಾದರೂ ಬರುತ್ತಾ?" ಅಂತ ಕೇಳುತ್ತಾರೆ. ಬರುತ್ತದೆ. ಪುರಾವೆ ಇದ್ದರೆ ಚೆನ್ನಾಗಿಯೇ ಬರುತ್ತದೆ. ಅಂಥ ಮನೆಯವರಿಗೆ ಬ್ಯಾಟು ಮಾರಿಸಿಕೊಡಲು ನೆರವಾಗುವವರಿಗೆ ಈ ಮಾತು.

ಕ್ರಿಕೆಟ್ ಆಡಿದವರಿಗೆ ಪಿಂಚಣಿ ಬರುತ್ತಲ್ಲ ಅಂತ ನಿಮಗೆ ಅನ್ನಿಸಬಹುದು. ದೇಶದ ಕ್ರಿಕೆಟ್ ಮಂಡಳಿ ಬಿಸಿಸಿಐ ಕೊಡುವ ಪಿಂಚಣಿ ಇದೆ, 2022ರಲ್ಲಿ ಅದನ್ನು ಹೆಚ್ಚಿಸಿದ್ದೂ ನಿಜ. ಆದರೆ ಅದು ಆಡಿದ ಪಂದ್ಯಗಳ ಲೆಕ್ಕದ ಮೇಲೆ ನಿಂತಿದೆ. ರಾಜ್ಯ ತಂಡಕ್ಕೆ ನಾಲ್ಕಾರು ರಣಜಿ ಪಂದ್ಯ ಆಡಿ, ಉಳಿದ ವಯಸ್ಸನ್ನೆಲ್ಲ ಲೀಗಿನ ಮ್ಯಾಟಿಂಗ್ ಪಿಚ್ ಮೇಲೆ ಸವೆಸಿದವರು ಆ ಲೆಕ್ಕಕ್ಕೆ ಬರುವುದಿಲ್ಲ. ಅವರ ಹೆಂಡತಿಗೆ ಡಯಾಲಿಸಿಸ್ ಬೇಕಾದಾಗ ಅಟ್ಟದ ಮೇಲಿನ ಬ್ಯಾಟ್ ನೆನಪಾಗುತ್ತದೆ.

ಮೊದಲ ಮಾತು: ಬ್ಯಾಟನ್ನು ಒರೆಸಿ ಹೊಳೆಸಬೇಡಿ. ಲಿನ್ಸೀಡ್ ಎಣ್ಣೆಯಂತೂ ಹಚ್ಚಲೇಬೇಡಿ, ಶಾಯಿ ಹರಡುತ್ತದೆ. ಮಾಸಿದ ಸಹಿಯ ಮೇಲೆ ಪೆನ್ನಿನಿಂದ ತಿದ್ದಿದರೆ ಅದರ ಬೆಲೆ ಹೋಯಿತು ಅಂತಲೇ ತಿಳಿಯಿರಿ. ಪ್ಲಾಸ್ಟಿಕ್ ಕವರಲ್ಲಿ ಬಿಗಿಯಾಗಿ ಸುತ್ತಬೇಡಿ, ಮಳೆಗಾಲದ ತೇವ ಒಳಗೇ ಕೂರುತ್ತದೆ. ಹಳೇ ಕಾಟನ್ ಸೀರೆಯಲ್ಲಿ ಸುತ್ತಿ, ಬಿಸಿಲು ಬೀಳದ ಕಡೆ, ಗೆದ್ದಲು ಬರುವ ಗೋಡೆಯಿಂದ ದೂರ ಇಡಿ.

ಆಮೇಲೆ ನಿಜವಾದ ಕೆಲಸ. ಮನೆಯವರ ಜೊತೆ ಕೂತು ಕಾಫಿ ಕುಡಿಯುತ್ತಾ ಕೇಳಿ. ಬ್ಯಾಟ್ ಯಾರದ್ದು? ಯಾವ ಮ್ಯಾಚು? ಸಹಿ ಹಾಕಿಸಿದ್ದು ಯಾರು, ಎಲ್ಲಿ? ಅವರು ಹೇಳಿದ್ದನ್ನು ಹೇಳಿದ ಹಾಗೇ ಬರೆದುಕೊಳ್ಳಿ, ಕೆಳಗೆ ಸಹಿ ಹಾಕಿಸಿ. ಹಳೇ ಫೋಟೋ, ಪೇಪರ್ ಕಟಿಂಗ್, ಕ್ಲಬ್ಬಿನಿಂದ ಬಂದ ಪತ್ರ, ಸ್ಕೋರ್ ಪುಸ್ತಕದ ಹಾಳೆ, ಏನಿದ್ದರೂ ಫೋಟೋ ತೆಗೆದು ಜೊತೆಗಿಡಿ. ನನ್ನ ಮಟ್ಟಿಗೆ ಸ್ಕೋರ್ ಪುಸ್ತಕದಷ್ಟು ಗಟ್ಟಿ ಸಾಕ್ಷಿ ಬೇರೆ ಇಲ್ಲ. ಅಂದು ಆಡಿದ ಹನ್ನೊಂದು ಹೆಸರು ಅದರಲ್ಲಿರುತ್ತವೆ. ಬ್ಯಾಟ್ ಮೇಲಿನ ಹೆಸರುಗಳನ್ನು ಅದರ ಪಕ್ಕ ಇಟ್ಟು ಒಂದೊಂದಾಗಿ ನೋಡಿ.

ಇಸವಿ ತಾಳೆಯಾಗಬೇಕು. ನಮ್ಮ ಕರ್ನಾಟಕ ತಂಡ ಮೊದಲ ಸಲ ರಣಜಿ ಗೆದ್ದದ್ದು 1973-74ರಲ್ಲಿ, ಸ್ಪಿನ್ನರ್ ಎರಪಳ್ಳಿ ಪ್ರಸನ್ನ ನಾಯಕತ್ವದಲ್ಲಿ. ಸತತ 15 ವರ್ಷ ರಣಜಿ ಗೆದ್ದಿದ್ದ ಬಾಂಬೆಯ ಓಟ ಅಲ್ಲಿಗೆ ನಿಂತಿತು. ಆ ತಂಡದ ಬ್ಯಾಟು ಅಂತ ಹೇಳಿ ಮಧ್ಯದಲ್ಲಿ ಕುಂಬ್ಳೆ ಸಹಿ ಇದ್ದರೆ? ಅವರು ಹುಟ್ಟಿದ್ದೇ 1970ರಲ್ಲಿ. ಆ ಸಹಿ ಆಮೇಲೆ ಹಾಕಿಸಿದ್ದಿರಬಹುದು, ಆದರೆ ಹಾಗಂತ ಬರೆದೇ ಮಾರಬೇಕು. ಇನ್ನೊಂದು ವಿಷಯ. ರಾಜ್ಯಕ್ಕೆ ಕರ್ನಾಟಕ ಅಂತ ಹೆಸರಾದದ್ದು 1973ರ ನವೆಂಬರ್ 1ರಂದು. ಅದಕ್ಕೂ ಹಿಂದಿನ ಟೋಪಿ, ಬ್ಲೇಜರ್ ಮೇಲೆ ಮೈಸೂರು ಅಂತಿದ್ದರೆ ಸರಿ, ಕರ್ನಾಟಕ ಅಂತಿದ್ದರೆ ಅನುಮಾನ ಪಡಿ. ಭೂತಗನ್ನಡಿ ಹಿಡಿದು ಸಹಿಗಳನ್ನೂ ನೋಡಿ. ಎಲ್ಲವೂ ಒಂದೇ ಕಡೆ ವಾಲಿ, ಒಂದೇ ಒತ್ತಿನಲ್ಲಿದ್ದರೆ ಯಾರೋ ಒಬ್ಬರೇ ಬರೆದಿರಬಹುದು. ಸಣ್ಣ ಸಣ್ಣ ಚುಕ್ಕಿ ಕಂಡರೆ ಅದು ಅಚ್ಚು ಹಾಕಿದ ಸಹಿ.

ಇಷ್ಟೆಲ್ಲ ಯಾಕೆ ಅಂದರೆ, ಮೋಸ ಈ ವ್ಯಾಪಾರಕ್ಕೆ ಹೊಸದಲ್ಲ. ಅಮೆರಿಕದ ಬೇಸ್‌ಬಾಲ್‌ನಲ್ಲಿ ಟೋನಿ ಗ್ವಿನ್ ಎಂಬ ದೊಡ್ಡ ಆಟಗಾರ ತನ್ನದೇ ತಂಡದ ಅಂಗಡಿಯಲ್ಲಿ ತನ್ನ ನಕಲಿ ಸಹಿ ಕಂಡಿದ್ದರು. 1990ರ ದಶಕದಲ್ಲಿ ಅಲ್ಲಿನ ಕೇಂದ್ರ ತನಿಖಾ ಸಂಸ್ಥೆ ಎಫ್‌ಬಿಐ ತನಿಖೆಗೆ ಇಳಿಯಿತು. 2001ರಿಂದ ಅಲ್ಲಿನ ಲೀಗೇ ತಾನು ಅಸಲಿ ಅಂತ ಖಾತ್ರಿ ಮಾಡಿಕೊಂಡ ವಸ್ತುವಿಗೆ ನಂಬರ್ ಇರುವ ಹೋಲೋಗ್ರಾಮ್ (ಹೊಳೆಯುವ ಚೀಟಿ) ಅಂಟಿಸುತ್ತಿದೆ. ನಮ್ಮ ಅಟ್ಟದ ಬ್ಯಾಟಿಗೆ ಹೋಲೋಗ್ರಾಮ್ ಇಲ್ಲ. ನೀವು ಜೋಡಿಸಿದ ಕಾಗದಗಳೇ ಅದಕ್ಕೆ ಆಧಾರ.

ಈಗಿನ ಆಟಗಾರರಿಂದ ಹೊಸದಾಗಿ ಸಹಿ ಹಾಕಿಸಿ ಮಾರುವುದಾದರೆ ಕೆಲಸ ಸಲೀಸು. ಎಣ್ಣೆ ಕಾಣದ ಹೊಸ ಬ್ಯಾಟಿಗೆ ಕಪ್ಪು ಪರ್ಮನೆಂಟ್ ಮಾರ್ಕರ್, ಕೆಂಪು ಚೆಂಡಿಗೆ ಬೆಳ್ಳಿ ಬಣ್ಣದ ಮಾರ್ಕರ್. ಸಹಿ ಹಾಕುತ್ತಿರುವಾಗಲೇ ಒಂದು ಫೋಟೋ.

ಮಾರುವ ಮುಂಚೆ ಮಕ್ಕಳೆಲ್ಲರ ಒಪ್ಪಿಗೆ ಬರೆಸಿಕೊಳ್ಳಿ. ಆಮೇಲೆ "ಅಪ್ಪನ ಬ್ಯಾಟು ಯಾರು ಮಾರಿದ್ದು?" ಅಂತ ಜಗಳ ಬರಬಾರದು. ಮೊಮ್ಮಕ್ಕಳಿಗೆ ಅಂತ ಟೋಪಿಯನ್ನಾದರೂ ಉಳಿಸಿ ಅಂತ ನಾನು ಒತ್ತಾಯ ಮಾಡುತ್ತೇನೆ. ಕನಿಷ್ಠ ಬೆಲೆ ಮನೆಯವರೇ ಹೇಳಲಿ. ಕ್ಲಬ್ಬಿನ ಹಾಲ್‌ನಲ್ಲಿ ಒಂದು ಭಾನುವಾರ ಸಂಜೆ, ಜೊತೆ ಆಡಿದವರನ್ನೆಲ್ಲ ಕರೆದು ಹರಾಜು ಇಟ್ಟರೆ ಬೆಲೆ ಏರುತ್ತದೆ. ಸವಾಲು ಕೂಗುವವರು ಆ ಮ್ಯಾಚು ನೋಡಿದವರಾಗಿದ್ದರೆ ಇನ್ನೂ ಒಳ್ಳೆಯದು.

ದಯವಿಟ್ಟು ಕುಟುಂಬದ ಕಷ್ಟವನ್ನು ಪೋಸ್ಟರಿನಲ್ಲಿ ಹಾಕಬೇಡಿ. ಆಸ್ಪತ್ರೆ ಬಿಲ್ಲು, ಹಾಸಿಗೆ ಹಿಡಿದವರ ಫೋಟೋ ಏನೂ ಬೇಡ. ಅವರು ಆಡಿದ ಆಟ ಹೇಳಿ, ಹಾಕಿದ ಬೌಲಿಂಗ್ ಸ್ಪೆಲ್ ಹೇಳಿ. ಹಣ ಮಾಜಿ ಆಟಗಾರರ ಕುಟುಂಬಕ್ಕೆ ಹೋಗುತ್ತದೆ ಅಂತ ಒಂದು ಸಾಲು ಸಾಕು. ಮರ್ಯಾದೆಯಿಂದ ಬದುಕಿದ ಮನೆ ಅದು.

ಟಿಕೆಟ್ ಮಾರಿ ಚೀಟಿ ಎತ್ತುವ ಯೋಚನೆ ಬಿಡಿ, ಕಾನೂನಿಗೆ ಅದು ಲಾಟರಿ. ದೇಣಿಗೆಗೆ ತೆರಿಗೆ ರಿಯಾಯಿತಿ ಕೊಡಿಸುವ 80ಜಿ ರಸೀದಿ ಕೊಡುತ್ತೇವೆ ಅಂತಲೂ ಹೇಳಬೇಡಿ. ಬ್ಯಾಟು ಕೊಂಡ ಹಣ ದೇಣಿಗೆಯಲ್ಲ, ವಸ್ತುವಿನ ಬೆಲೆ. ನಿಮ್ಮ ಖಾತೆಗೆ ಹಾಕಿಸಿಕೊಳ್ಳದೆ, ನೇರ ಮನೆಯವರ ಬ್ಯಾಂಕ್ ಖಾತೆಗೆ ಹಾಕಿಸಿ. ಹಣ ಬಂತು ಅಂತ ಅವರು ಫೋನ್ ಮಾಡಿದ ಮೇಲೆ ಬ್ಯಾಟನ್ನೂ ಕಾಗದಗಳ ಕಟ್ಟನ್ನೂ ಕೊಂಡವರ ಕೈಗೆ ಕೊಡಿ. ಕಾಗದಗಳ ಜೆರಾಕ್ಸ್ ಒಂದು ಮನೆಯಲ್ಲೇ ಇರಲಿ.